ಪಂಕ್ತಿಯಲ್ಲಿ ಕೂತು ಏಳುವುದು

ಕರಾಟೆ ಕಲಿತ ಹುಡುಗಿಗೆ ಗಂಡು ಸಿಗುವುದಿಲ್ಲ ಅಂತ ನಮ್ಮ ಹೊಸಬಾಳೆಯಲ್ಲಿ ಹೇಳದವರಿಲ್ಲ. ಗಂಡ ಒಂದು ಮಾತಂದರೆ ಇವಳು ಕಾಲೆತ್ತುತ್ತಾಳೆ ಅಂತ ಬಂದ ಸಂಬಂಧಗಳೆಲ್ಲ ಉಪ್ಪಿಟ್ಟು ತಿಂದು ಎದ್ದು ಹೋದವು. ಹೋಗಲಿ, ನಾನೇನೂ ಅಳುತ್ತಾ ಕೂರಲಿಲ್ಲ. ಆದರೆ ಕ್ಲೈಂಟ್ ಕೂಡ ಸಿಗುವುದಿಲ್ಲ ಅಂತ ಯಾರಾದರೂ ಮೊದಲೇ ಹೇಳಬಹುದಿತ್ತು.

ಶಿಕಾರಿಪುರದ ಬಸ್ ಸ್ಟ್ಯಾಂಡ್ ಹಿಂದೆ ಒಂದು ಜಿಮ್ ಇದೆ. ಅಲ್ಲಿ ಹೆಂಗಸರ ಬ್ಯಾಚ್ ನನ್ನದು. ಒಂದು ದಿನ ಓನರ್ ಯತೀಶ ಕರೆದು ಹೇಳಿದ: "ನಾಗಶ್ರೀ, ಇನ್ಮೇಲೆ ಸರ್ಟಿಫಿಕೇಟ್ ಇದ್ದೋರಿಗೇ ಬ್ಯಾಚ್ ಕೊಡೋದು. ನಿನ್ನ ಬ್ಲಾಕ್ ಬೆಲ್ಟ್ ಗೋಡೆ ಮೇಲೆ ಚೆಂದ ಕಾಣುತ್ತೆ, ಇಲ್ಲ ಅನ್ನಲ್ಲ. ಆದ್ರೆ ಜನ ಕಾಗದ ಕೇಳ್ತಾರೆ." ಒಳ್ಳೆಯ ಹುಡುಗನೇ, ಕೆಟ್ಟ ಮಾತು ಆಡುವವನಲ್ಲ. ಯುಗಾದಿ ತಿಂಗಳು ಮುಗಿಯುವುದರೊಳಗೆ ಕಾಗದ ತರದಿದ್ದರೆ ಕೌಂಟರಿನಲ್ಲಿ ಕೂರಿಸುತ್ತೇನೆ, ಬ್ಯಾಚಿಗೆ ಶಿವಮೊಗ್ಗದಿಂದ ಬೇರೆಯವರನ್ನು ಕರೆಸುತ್ತೇನೆ ಅಂದ. ಹದಿನೈದು ವರ್ಷ ಒದ್ದು ಗುದ್ದಿ ಕಲಿತವಳು ಕೌಂಟರಿನಲ್ಲಿ ಕೂತು ಚಪ್ಪಲಿ ಹೊರಗೆ ಬಿಡ್ರಿ ಅನ್ನುತ್ತಾ ಇರಬೇಕಂತೆ. ನನಗೆ ಮೈಯೆಲ್ಲ ಉರಿಯಿತು.

ಅದೇ ಉರಿಯಲ್ಲಿ ಶಿವಮೊಗ್ಗದ ಒಂದು ಸಂಸ್ಥೆಯಲ್ಲಿ ಪರ್ಸನಲ್ ಟ್ರೇನರ್ ಕೋರ್ಸಿಗೆ ಸೇರಿದೆ. ಮೂಳೆ, ಸ್ನಾಯು, ಉಸಿರಾಟ ಎಲ್ಲ ಇಂಗ್ಲಿಷಿನಲ್ಲಿ ಓದಿ, ಬಾಯಿಪಾಠ ಮಾಡಿ, ಬರೆಯುವ ಪರೀಕ್ಷೆ ಪಾಸಾದೆ. ಉಳಿದಿದ್ದು ಒಂದೇ. ಒಬ್ಬ ಕ್ಲೈಂಟ್ ಹುಡುಕಬೇಕು. ಅವರ ಮನಸ್ಸಿನಲ್ಲಿ ಏನು ಆಸೆ ಇದೆಯೋ ಅದನ್ನು ಅವರ ಮಾತಿನಲ್ಲೇ ಒಂದು ಸಾಲು ಬರೆದು ಕಳಿಸಬೇಕು. ಮೂರು ತಿಂಗಳು ಅವರೊಬ್ಬರಿಗೇ ತಾಲೀಮು ಕೊಡಬೇಕು. ಆಮೇಲೆ ಪರೀಕ್ಷಕಿ ಶ್ರೀಲತಾ ಮೇಡಂ ಕ್ಲೈಂಟಿಗೆ ಫೋನ್ ಮಾಡಿ ಕೇಳುತ್ತಾರೆ: ನಿಮ್ಮ ಆಸೆ ಈಡೇರಿತಾ? ಹೌದು ಅಂದರೆ ಸರ್ಟಿಫಿಕೇಟ್. ಇಲ್ಲ ಅಂದರೆ ಇಲ್ಲ.

ಒಬ್ಬರು. ಊರಲ್ಲಿ ಇಷ್ಟು ಜನ ಇದ್ದಾರೆ, ಒಬ್ಬರನ್ನು ಹುಡುಕುವುದು ಏನು ಮಹಾ ಅಂದುಕೊಂಡೆ. ಕೇಳಲು ಹೊರಟಾಗಲೇ ಗೊತ್ತಾಗಿದ್ದು, ಈ ಊರಲ್ಲಿ ನನಗೆ ಬಾಯಿಬಿಟ್ಟು ಕೇಳುವಷ್ಟು ಸಲಿಗೆ ಇರುವ ಒಂದು ಮನೆಯೂ ಇಲ್ಲ ಅಂತ. ಬ್ಯಾಚಿನ ಹೆಂಗಸರು ಗುಂಪಿನಲ್ಲಿ ಬರುತ್ತಾರೆ, ಗುಂಪಿನಲ್ಲಿ ನಗುತ್ತಾರೆ, ಗುಂಪಿನಲ್ಲೇ ಹೋಗುತ್ತಾರೆ. ನನ್ನ ರೂಮಿನ ಓನರ್ ದ್ಯಾಮಮ್ಮನನ್ನು ಕೇಳಿದೆ. "ನಿನ್ ರೂಮಿಗೆ ಮೆಟ್ಲು ಹತ್ತಿ ಬರೋದೇ ನಂಗೆ ದೊಡ್ಡ ವ್ಯಾಯಾಮ, ಹೋಗೇ" ಅಂದಳು. ಊರಿಗೆ ಫೋನ್ ಮಾಡಿ ಅತ್ತಿಗೆಯನ್ನು ಕೇಳಿದೆ. "ದಿನಾ ಕುರಿ ಹಿಂದೆ ಓಡ್ತೀನಲ್ಲ, ಆ ಕುರಿಗಳನ್ನೇ ಕೇಳು, ಯಾವ್ದಾದ್ರೂ ಬಂದ್ರೆ ಬರ್‍ಲಿ" ಅಂತ ನಕ್ಕು ಫೋನ್ ಇಟ್ಟಳು. ನಾನು ಇನ್ನೂ ಸ್ವಲ್ಪ ಹೊತ್ತು ಮಾತಾಡೋಣ ಅಂತಿದ್ದೆ.

ಕೊನೆಗೆ ಬ್ಯಾಚಿನಲ್ಲಿದ್ದ ಗಂಗಾಶ್ರೀ ತಾನಾಗಿಯೇ ಕೇಳಿದಳು. "ನಮ್ಮತ್ತೆ ಮಂಡಿ ನೋವು ನೋಡ್ತೀರೇನ್ರೀ? ಡಾಕ್ಟ್ರು ಕಾಲಿಗೆ ಬಲ ಬರಂಗೆ ವ್ಯಾಯಾಮ ಮಾಡಿಸ್ರಿ ಅಂದಾರೆ. ಮನೇಲಿ ಯಾರ್ ಮಾತೂ ಕೇಳಲ್ಲ ಅವ್ರು."

ಪೇಟೆ ಬೀದಿಯ ಮೆಕ್ಕೆಜೋಳದ ವ್ಯಾಪಾರಿ ಮಲ್ಲೇಶಪ್ಪನವರ ಮನೆ ಅದು. ಮನೆ ತುಂಬ ಜನ. ಗಂಡ, ಇಬ್ಬರು ಗಂಡುಮಕ್ಕಳು, ಸೊಸೆಯರು, ಮೊಮ್ಮಕ್ಕಳು, ಬಂದುಹೋಗುವವರು. ನಾನು ಹೋದಾಗ ಹಜಾರದಲ್ಲಿ ನಾಲ್ಕೈದು ಹೆಂಗಸರು ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅವರ ಪಕ್ಕದಲ್ಲೇ, ಎತ್ತರದ ಮರದ ಕುರ್ಚಿಯಲ್ಲಿ, ಗಂಗಾಶ್ರೀಯ ಅತ್ತೆ ನಿರ್ಮಲಮ್ಮ ಕೂತಿದ್ದರು. ಅರವತ್ತರ ಆಸುಪಾಸು, ದುಂಡು ಮುಖ. ಮಡಿಲಲ್ಲಿ ಒಂದು ತಟ್ಟೆ, ಅದರಲ್ಲಿ ಒಂದು ಹಿಡಿ ಅವರೆಕಾಯಿ. ಬೇಜಾರಾಗಬಾರದು ಅಂತ ಕೊಟ್ಟಿದ್ದು ಅಂತ ನೋಡಿದರೇ ತಿಳಿಯುತ್ತಿತ್ತು.

"ನಿಮ್ಮ ಆಸೆ ಏನಮ್ಮಾರೆ? ತೂಕ ಇಳೀಬೇಕಾ, ನೋವು ಕಡಿಮೆ ಆಗ್ಬೇಕಾ?" ಅಂತ ಕೇಳಿದೆ.

ಹೆಂಗಸರು ಎದ್ದು ಒಳಗೆ ಹೋಗುವ ತನಕ ಅವರು ಬಾಯಿ ಬಿಡಲಿಲ್ಲ. ಆಮೇಲೆ ಹೇಳಿದರು. "ಕುರ್ಚಿ ಮೇಲೆ ಕೂತೋರಿಗೆ ಯಾರೂ ಗುಟ್ಟು ಹೇಳಲ್ಲ ಕಣವ್ವ. ಕೆಳಗೆ ಏನೋ ಪಿಸಪಿಸ ಅಂತಾರೆ, ನಗ್ತಾರೆ. ಏನ್ರೇ ಅದು ಅಂದ್ರೆ, ಏನಿಲ್ಲ ಬಿಡ್ರಿ ಅತ್ತೆ ಅಂತಾರೆ. ಮದುವೆ ಮನೇಲೂ ಅಷ್ಟೆ. ನಮ್ಮ ಅಕ್ಕ ತಂಗೇರೆಲ್ಲ ಪಂಕ್ತೀಲಿ ಸಾಲಾಗಿ ಕೂತು ಉಣ್ತಾರೆ, ನಂಗೆ ಮೂಲೇಲಿ ಮೇಜು. ಲಿಂಗಪೂಜೇನೂ ಕುರ್ಚಿ ಮೇಲೇ. ಯುಗಾದಿ ಆದ್ಮೇಲೆ ತೊಗರ್ಸೀಲಿ ನಮ್ಮವ್ವನ ಗಣಾರಾಧನೆ ಐತೆ. ಪಂಕ್ತೀಲಿ ಕೂತು, ಉಂಡು, ಏಳ್ಬೇಕು. ಅಷ್ಟು ಮಾಡ್ಸು."

ತಾಯಿ ತೀರಿಕೊಂಡ ದಿನಕ್ಕೆ ವರ್ಷಾವರ್ಷ ತವರಿನಲ್ಲಿ ನಡೆಯುವ ಊಟ ಅದು. ನಾನು ಫಾರ್ಮಿನಲ್ಲಿ ಅವರ ಮಾತನ್ನೇ ಬರೆದು ಕಳಿಸಿದೆ: ಪಂಕ್ತಿಯಲ್ಲಿ ಕೂತು, ಉಂಡು, ಏಳುವುದು. ಶ್ರೀಲತಾ ಮೇಡಂ ಓದಿ, ಇಂಥದ್ದು ಇದೇ ಮೊದಲು ನೋಡುತ್ತಿದ್ದೇನೆ ಅಂತ ನಕ್ಕರು.

ದಿನಾ ಬೆಳಿಗ್ಗೆ, ಮಲ್ಲೇಶಪ್ಪನವರು ಅಂಗಡಿಗೆ ಹೊರಟ ಮೇಲೆ, ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿ ಶುರು ಮಾಡುತ್ತಿದ್ದೆವು. ಮೊದಲು ಕುರ್ಚಿಯಿಂದ ಎದ್ದು ಕೂರುವುದು. ಆಮೇಲೆ ಗಿಡ್ಡ ಸ್ಟೂಲಿನಿಂದ. ಆಮೇಲೆ ಎರಡು ದಿಂಬಿನ ಮೇಲಿಂದ. ನಾನು ಒಂದು, ಎರಡು ಅಂತ ಎಣಿಸಿದರೆ ಮೊದಲ ದಿನವೇ ತಡೆದರು. "ಒಂದು ಅನ್ಬಾರ್ದು ಕಣೇ. ಕಾಳು ಅಳೆಯೋವಾಗ ನಾವು ಲಾಭ ಅಂತ ಶುರು ಮಾಡೋದು. ಲಾಭ, ಎರಡು, ಮೂರು. ಒಂದು ಅಂದ್ರೆ ಅಲ್ಲಿಗೇ ನಿಂತು ಹೋಗುತ್ತಂತೆ." ಬೈಠಕ್ಕಿಗೂ ಕಾಳಿಗೂ ಏನು ಸಂಬಂಧ ಅಂತ ಕೇಳಿದೆ. ಎರಡಕ್ಕೂ ಬೆವರು ಸುರಿಯುತ್ತೆ ಅಂದರು. ಅವತ್ತಿನಿಂದ ನಾನೂ ಲಾಭ ಅಂತಲೇ ಎಣಿಸಿದೆ.

ಅವರ ಎಡ ಮುಂಗೈ ಹಿಂದೊಮ್ಮೆ ಬಚ್ಚಲಲ್ಲಿ ಜಾರಿ ಬಿದ್ದು ಮುರಿದಿತ್ತು. ಕೂಡಿಕೊಂಡಿತ್ತು, ಆದರೆ ಭಾರ ಬಿಟ್ಟರೆ ನೋಯುತ್ತಿತ್ತು. ಅದಕ್ಕೆ ನಾನು ಬಲಗೈ ಊರಿ ಏಳುವುದನ್ನು ಕಲಿಸಿದೆ. ಬಲಕ್ಕೆ ವಾಲಿ, ಬಲ ಅಂಗೈ ನೆಲಕ್ಕೆ ಊರಿ, ಮಂಡಿಯ ಮೇಲೆ ಬಂದು, ಒಂದು ಪಾದ ಮುಂದಿಟ್ಟು, ಏಳುವುದು. ಪುಸ್ತಕದಲ್ಲಿ ಚಿತ್ರ ಸಮೇತ ಇತ್ತು.

ತಾಲೀಮಿನ ನಡುವೆ ಸುಸ್ತು ಅಂತ ಕೂರುತ್ತಿದ್ದರು. ಅದು ಸುಸ್ತಲ್ಲ, ಮಾತಾಡಲು ನೆಪ. ಗಂಡ ಮದುವೆಯಾದ ಹೊಸದರಲ್ಲಿ ಜಗಳ ಆಡಿದ್ದು, ಹಿರಿಯ ಸೊಸೆಗೆ ಉಪ್ಪು ಜಾಸ್ತಿ ಆಗುವುದು, ತೊಗರ್ಸಿಯ ಮಲ್ಲಿಕಾರ್ಜುನನ ಗುಡಿಯ ಕಲ್ಲಿನ ಮೇಲೆ ಅಕ್ಕತಂಗಿಯರು ಕವಡೆ ಹಾಕಿ ಪಚ್ಚೆ ಆಡುತ್ತಿದ್ದದ್ದು. ನಾನೂ ಹೇಳುತ್ತಿದ್ದೆ. ನನಗೆ ಮಾತಾಡಲು ಇಷ್ಟು ಇದೆ ಅಂತ ನನಗೇ ಗೊತ್ತಿರಲಿಲ್ಲ. ಕೆಲವು ದಿನ ಅಲ್ಲಿ ಆಡಿದ ಮಾತು ಬಿಟ್ಟರೆ ಬೆಳಗಿಂದ ಸಂಜೆವರೆಗೆ ನನ್ನ ಬಾಯಿಂದ ಬಂದಿದ್ದೆಲ್ಲ ಬರೀ ಅಂಕಿ ಮತ್ತು ಬೆನ್ನು ನೆಟ್ಟಗೆ ಮಾಡ್ರಿ, ಅಷ್ಟೇ.

ಟ್ರೇನರ್ ಕೆಲಸ ವಿಚಿತ್ರ. ದಿನವಿಡೀ ನಾನು ಬೇರೆಯವರನ್ನು ಮುಟ್ಟುತ್ತೇನೆ. ಭುಜ ಹಿಂದಕ್ಕೆ, ಸೊಂಟ ಒಳಗೆ, ಮೊಣಕೈ ಕೆಳಗೆ ಅಂತ. ನನ್ನನ್ನು ಯಾರೂ ಮುಟ್ಟುವುದಿಲ್ಲ. ಯಾಕೆ ಮುಟ್ಟಬೇಕು, ನನ್ನ ಬೆನ್ನು ನೆಟ್ಟಗೇ ಇದೆ. ರೂಮಿಗೆ ಬಂದು ಮಂಚದ ಮೇಲೆ ಕೂತು, ಮೊಬೈಲ್ ಗೋಡೆಗೆ ಒರಗಿಸಿಟ್ಟು, ಅದರ ಜೊತೆ ಉಣ್ಣುತ್ತೇನೆ. ತಟ್ಟೆ ತೊಳೆಯುವಾಗ ಒಂದೇ ತಟ್ಟೆ. ಇದನ್ನು ಯಾರಿಗಾದರೂ ಹೇಳಿದರೆ, ಮದುವೆ ಆಗಬೇಕಿತ್ತು ಅನ್ನುತ್ತಾರೆ. ಅದಕ್ಕೇ ಹೇಳುವುದಿಲ್ಲ.

ಭಾನುವಾರ ಜಿಮ್ ರಜೆ, ನಿರ್ಮಲಮ್ಮನವರಿಗೂ ರಜೆ. ನಾನು ಬಸ್ಸು ಹತ್ತಿ ಅಂಬ್ಲಿಗೊಳಕ್ಕೆ ಹೋಗುತ್ತಿದ್ದೆ. ಅಲ್ಲಿ ಜಲಾಶಯದ ಏರಿಯ ಮೇಲೆ ಬೆಳಿಗ್ಗೆ ಯಾರೂ ಇರುವುದಿಲ್ಲ. ಬರಿಗಾಲಲ್ಲಿ ನಿಂತು ಕಟಾ ಮಾಡುತ್ತಿದ್ದೆ. ಕಟಾ ಅಂದರೆ ಕರಾಟೆಯಲ್ಲಿ ಇಲ್ಲದ ಎದುರಾಳಿಯ ಜೊತೆ ಒಬ್ಬರೇ ಆಡುವ ಜಗಳ. ಎದುರಿಗೆ ಒಬ್ಬ ಇದ್ದಾನೆ ಅಂದುಕೊಂಡು ತಡೆಯಬೇಕು, ಹಿಂದೆ ಒಬ್ಬ ಇದ್ದಾನೆ ಅಂದುಕೊಂಡು ತಿರುಗಿ ಗುದ್ದಬೇಕು. ನಾನು ಅದರಲ್ಲಿ ಬಹಳ ಜೋರು. ನೀರಿನ ಆಚೆ ದಡದಲ್ಲಿ ಕುರಿ ಮೇಯಿಸುವವನೊಬ್ಬ ಕೋಲಿಗೆ ಗದ್ದ ಊರಿಕೊಂಡು ನೋಡುತ್ತಿದ್ದ. ನಮ್ಮಪ್ಪ ಕರಿಯಣ್ಣನೂ ಹೀಗೇ ನಿಲ್ಲುವುದು. ಕೂಗಿ ಮಾತಾಡಿಸೋಣ ಅನ್ನಿಸುತ್ತಿತ್ತು, ಆದರೆ ಬೆಳ್ಳಂಬೆಳಿಗ್ಗೆ ಗಾಳಿಗೆ ಒದೆಯುವ ಹೆಂಗಸು ಕೂಗಿದರೆ ಅವನು ಕುರಿ ಬಿಟ್ಟು ಓಡುತ್ತಾನೆ.

ಮೊದಲು ಹೀಗಿರಲಿಲ್ಲ. ಸೊರಬದಲ್ಲಿ ರಾಜು ಸರ್ ಕ್ಲಾಸಿನಲ್ಲಿ ನಾವು ಇಬ್ಬರು ಹುಡುಗಿಯರಿದ್ದೆವು, ನಾನು ಮತ್ತು ಮೀನಾ. ಹುಡುಗರು ಹುಡುಗರ ಜೊತೆ, ಹಾಗಾಗಿ ಎಲ್ಲದಕ್ಕೂ ನನಗೆ ಅವಳು, ಅವಳಿಗೆ ನಾನು. ಕೊನೆಗೆ ಒಂದು ಆಟ ಆಡಿಸುತ್ತಿದ್ದರು. ಬೆನ್ನಿಗೆ ಬೆನ್ನು ಹಚ್ಚಿ ನೆಲದ ಮೇಲೆ ಕೂರಬೇಕು. ಮೊಣಕೈಗಳನ್ನು ಹಿಂದೆ ಸಿಕ್ಕಿಸಿಕೊಳ್ಳಬೇಕು. ನೆಲಕ್ಕೆ ಕೈ ತಾಗಿಸದೆ, ಒಬ್ಬರ ಬೆನ್ನನ್ನು ಇನ್ನೊಬ್ಬರು ಒತ್ತುತ್ತಾ ಏಳಬೇಕು. "ಪೂರ್ತಿ ಒರಗ್ರೋ. ಅರ್ಧ ಒರಗಿದ್ರೆ ಇಬ್ರೂ ಬೀಳ್ತೀರಿ" ಅಂತ ಸರ್ ಕೂಗುತ್ತಿದ್ದರು. ನಾವಿಬ್ಬರೂ ಒಂದು ಸಲವೂ ಬಿದ್ದವರಲ್ಲ. ಮೀನಾಳ ಮದುವೆ ಹಾವೇರಿ ಕಡೆ ಆಯಿತು, ನಂಬರ್ ಬದಲಾಯಿತು. ಆಮೇಲೆ ನನ್ನ ಪಾಲಿಗೆ ಕಟಾ ಒಂದೇ ಉಳಿಯಿತು.

ಯುಗಾದಿಗೆ ಇನ್ನೂ ದಿನ ಇರುವಾಗಲೇ ನಿರ್ಮಲಮ್ಮ ಎದ್ದರು. ಚಾಪೆಯ ಮೇಲೆ ಚಕ್ಕಳಮಕ್ಕಳ ಕೂತಿದ್ದವರು ಬಲಕ್ಕೆ ವಾಲಿದರು, ಕೈ ಊರಿದರು, ಮಂಡಿಗೆ ಬಂದರು, ತುಟಿ ಕಚ್ಚಿಕೊಂಡು ಎದ್ದು ನಿಂತರು. ನಾನು ಮುಟ್ಟಿರಲಿಲ್ಲ. ಮೊಬೈಲಿನಲ್ಲಿ ಚಿತ್ರ ತೆಗೆದು ಮೇಡಂಗೆ ಕಳಿಸಿದೆ. ಅವತ್ತು ನಿರ್ಮಲಮ್ಮ ನನ್ನ ಕೆನ್ನೆ ಹಿಂಡಿ, ಒಳಗೆ ಓಡಿಹೋಗಿ, ಅಲ್ಲಲ್ಲ, ಓಡುವ ಹಾಗೆ ನಡೆದುಹೋಗಿ ಎಲ್ಲರಿಗೂ ಹೇಳಿದರು. ಮನೆಯಲ್ಲಿ ಸಿಹಿ ಮಾಡಿದರು. ನನಗೂ ಒಂದು ಡಬ್ಬಿ ಕಟ್ಟಿ ಕೊಟ್ಟರು.

ಮಾರನೇ ದಿನ ನಾನು ಹೋದಾಗ ಹಜಾರದಲ್ಲಿ ಹೆಂಗಸರು ಹಪ್ಪಳ ಲಟ್ಟಿಸುತ್ತಿದ್ದರು. ಕುರ್ಚಿ ಖಾಲಿ. ನಿರ್ಮಲಮ್ಮ ಕೆಳಗೆ, ಸೊಸೆಯರ ನಡುವೆ, ಸೀರೆಯ ಸೆರಗು ಸಿಕ್ಕಿಸಿಕೊಂಡು ಕೂತಿದ್ದರು. ನನ್ನನ್ನು ನೋಡಿ, "ಇವತ್ತು ಬೇಡ ಕಣೇ, ಹಿಟ್ಟು ಒಣಗಿ ಹೋಗುತ್ತೆ" ಅಂದರು. ಸರಿ ಅಂದೆ. ಮೆಟ್ಟಿಲಿಳಿದು ಚಪ್ಪಲಿ ಹಾಕಿಕೊಳ್ಳುವಾಗ ಒಳಗೆ ಎಲ್ಲರೂ ಜೋರಾಗಿ ನಕ್ಕಿದ್ದು ಕೇಳಿಸಿತು. ನನ್ನ ಬಗ್ಗೆ ಅಲ್ಲ, ಅಷ್ಟು ನನಗೂ ಗೊತ್ತು.

ಅವತ್ತು ಜಿಮ್ಮಿಗೆ ಹೋಗುವ ದಾರಿಯಲ್ಲಿ ನನಗೆ ಮೊದಲ ಸಲ ಹೊಳೆಯಿತು. ಈ ಕೆಲಸ ಚೆನ್ನಾಗಿ ಮಾಡಿದಷ್ಟೂ ಅವರಿಗೆ ನಾನು ಬೇಕಾಗುವುದಿಲ್ಲ. ಕೂತು, ಉಂಡು, ಎದ್ದರೆ ನನಗೆ ಸರ್ಟಿಫಿಕೇಟ್, ಅವರಿಗೆ ಅಕ್ಕತಂಗಿಯರು. ಆಮೇಲೆ ಆ ಹಿಂದಿನ ಕೋಣೆಗೆ ನಾನು ಯಾವ ನೆಪ ಹೇಳಿ ಹೋಗುವುದು? ಇನ್ನೂ ಸೊಂಟಕ್ಕೆ ಬಲ ಬರಬೇಕು, ಈಗಲೇ ಬೇಡ ಅಂತ ಎಳೆಯಬಹುದಿತ್ತು. ನಾನು ಹೇಳಿದರೆ ಅವರು ನಂಬುತ್ತಿದ್ದರು. ಹೇಳಲಿಲ್ಲ. ಹೇಳದೇ ಇರಲು ಬಹಳ ಕಷ್ಟವಾಯಿತು ಅಂತ ಮಾತ್ರ ಹೇಳಬಲ್ಲೆ. ಅಷ್ಟು ಕೋಪ ಯಾರ ಮೇಲೆ ಅಂತ ತಿಳಿಯದೆ ಜಿಮ್ಮಿನ ಪಂಚಿಂಗ್ ಬ್ಯಾಗಿಗೆ ಗುದ್ದಿ ಗುದ್ದಿ ಅದರ ಹೊಲಿಗೆ ಬಿಚ್ಚಿದೆ. ಯತೀಶ ಬಂದು ನೋಡಿ ದಾರ ಸೂಜಿ ತಂದಿಟ್ಟ.

ಗಣಾರಾಧನೆ ಭಾನುವಾರ ಬಂತು. ಮೇಡಂ ಫೋನ್ ಮಾಡುವುದು ಸೋಮವಾರ. ಮನೆಯವರೆಲ್ಲ ದೊಡ್ಡ ಗಾಡಿಯಲ್ಲಿ ಹೊರಟರು. ಕಾಲು ಚಾಚಲು ಜಾಗ ಬೇಕು ಅಂತ ನಿರ್ಮಲಮ್ಮ ಬೇರೆ ಕಾರು ಹತ್ತಿ, "ನೀನೂ ಬಾ, ನೀ ಮಾಡಿದ್ದು ನೀನೇ ನೋಡು" ಅಂತ ನನ್ನನ್ನು ಎಳೆದುಕೊಂಡರು. ದಾರಿಯುದ್ದಕ್ಕೂ ಅವ್ವನ ಮಾತು. ಡ್ರೈವರ್ ಚನ್ನೇಶನಿಗೆ ಮೂರು ಸಲ ಹೇಳಿದರು, ಇವತ್ತು ನಾನು ನೆಲದ ಮೇಲೆ ಉಣ್ಣೋದು ಅಂತ.

ತೊಗರ್ಸಿಯ ತವರುಮನೆಯಲ್ಲಿ ಪೂಜೆ ಮುಗಿದು ಎಲೆ ಹಾಕಿದರು. ಪಡಸಾಲೆಯ ಗೋಡೆಗುಂಟ ಉದ್ದಕ್ಕೆ ಪಂಕ್ತಿ. ಮೂಲೆಯಲ್ಲಿ ಕೂರಲಾಗದವರಿಗೆ ಅಂತ ಒಂದು ಮೇಜು. ಅಲ್ಲಿ ಇಬ್ಬರು ಹಣ್ಣು ಮುದುಕರು ಕೂತಿದ್ದರು. ಬಡಿಸುವವರೊಬ್ಬರು ನನ್ನನ್ನೂ ಚನ್ನೇಶನನ್ನೂ ಮೇಲಿಂದ ಕೆಳಗೆ ನೋಡಿ, "ನೀವಿಬ್ರೂ ಇಲ್ಲೇ ಮೇಜಿಗೆ ಬರ್‍ರಿ" ಅಂದರು. ಮಂಡಿ ಗಟ್ಟಿ ಇದ್ದವಳು ನಾನು ಮೇಜಿಗೆ, ಮೇಜಿನವರು ಪಂಕ್ತಿಗೆ. ನಗು ಬಂತು, ಪೂರ್ತಿ ನಗುವಲ್ಲ.

ನಿರ್ಮಲಮ್ಮ ನಿಂತಲ್ಲಿಂದ ನಿಧಾನ ಇಳಿದು ಚಕ್ಕಳಮಕ್ಕಳ ಹಾಕಿ ಕೂತರು. ಎಡಕ್ಕೆ ಅಕ್ಕ ಶೇಷಮ್ಮ, ಬಲಕ್ಕೆ ತಂಗಿ. ಕೂತವರು ಮೇಜಿನ ಕಡೆ ನೋಡಿ ಹುಬ್ಬು ಹಾರಿಸಿದರು. ನಾನು ಬೆನ್ನು ನೆಟ್ಟಗೆ ಅಂತ ಸನ್ನೆ ಮಾಡಿದೆ. ಕೋಸಂಬರಿ, ಪಲ್ಯ, ಹೋಳಿಗೆ, ಹೋಳಿಗೆಗೆ ತುಪ್ಪ, ಅನ್ನ, ಕಟ್ಟಿನ ಸಾರು. ಅವರು ಉಣ್ಣುವುದನ್ನೇ ನೋಡುತ್ತಾ ನನ್ನ ಹೋಳಿಗೆ ಹಾಗೇ ಉಳಿದಿತ್ತು. ಹೊಟ್ಟೆ ತುಂಬಿದ ಹಾಗಿತ್ತು. ಇದನ್ನು ಮಾಡಿಸಿದ್ದು ನಾನು, ಈ ಇಷ್ಟು ದೊಡ್ಡ ಮನೆಯಲ್ಲಿ ಅದು ಯಾರಿಗೂ ನೆನಪಿದ್ದ ಹಾಗಿಲ್ಲ, ನೆನಪಿರುವವರು ಒಬ್ಬರೇ, ಅವರೂ ನಾಳೆಯಿಂದ ನನ್ನವರಲ್ಲ ಅಂತ ಅನ್ನಿಸುತ್ತಿತ್ತು.

ಎಲ್ಲರದೂ ಆಯಿತು. ಹಿರಿಯರು ಎದ್ದರು, ಅವರ ಹಿಂದೆ ಪಂಕ್ತಿ ಎದ್ದಿತು. ನಿರ್ಮಲಮ್ಮ ಬಲಕ್ಕೆ ವಾಲಿದರು. ಬಲಗೈ ನೆಲದ ಕಡೆ ಹೋಯಿತು, ಗೇಣು ದೂರದಲ್ಲಿ ನಿಂತಿತು.

ಆ ಕೈಯಲ್ಲಿ ತುಪ್ಪ, ಸಾರು, ಅನ್ನದ ಅಗುಳು. ಎಂಜಲಗೈ.

ಮೂರು ತಿಂಗಳು ಕಲಿಸಿದ್ದೆ, ತೊಳೆದ ಕೈ, ಗುಡಿಸಿದ ಚಾಪೆ. ಉಂಡ ಮೇಲೆ ಆ ಕೈ ನೆಲಕ್ಕೆ ಊರುವ ಹಾಗಿಲ್ಲ ಅಂತ ಒಂದು ದಿನವೂ ಹೊಳೆದಿರಲಿಲ್ಲ. ಪುಸ್ತಕ ಬರೆದವರು ಚಮಚದಲ್ಲಿ ಉಣ್ಣುವವರು, ಅವರನ್ನು ಬಿಡಿ. ನನಗೇನಾಗಿತ್ತು? ನಾನು ಪಂಕ್ತಿಯಲ್ಲಿ ಕೂತು ಉಂಡು ವರ್ಷಗಳಾಗಿದ್ದವು. ಮಂಚದ ಮೇಲೆ ಮೊಬೈಲ್ ಜೊತೆ ಉಣ್ಣುವವಳಿಗೆ ಅದೆಲ್ಲ ಮರೆತೇಹೋಗಿತ್ತು. ಅವರಿಗೂ ಹೊಳೆದಿರಲಿಲ್ಲ, ಅವರೂ ವರ್ಷಗಳಿಂದ ಮೇಜಿನವರು.

ಎಡಗೈ ಊರಲು ನೋಡಿದರು, ಮುಖ ಕಿವುಚಿದರು. "ಏಳೇ ನಿರ್ಮಲಾ" ಅಂತ ಶೇಷಮ್ಮ ಎಡಗೈ ಕೊಟ್ಟರು. ಎಲ್ಲರ ಬಲಗೈಯೂ ಎಂಜಲು, ಎಡಗೈಯಲ್ಲಿ ಎಷ್ಟು ಎತ್ತಲಾಗುತ್ತದೆ? ಎಳೆದರು, ಬಿಟ್ಟರು. ಬಡಿಸುವ ಹುಡುಗರು ಎತ್ತಲಾ ಅಂತ ಬಂದರು. "ಮುಟ್ಬೇಡ್ರೋ" ಅಂದರು ನಿರ್ಮಲಮ್ಮ. "ಕುರ್ಚಿ ತರ್‍ರಿ" ಅಂತ ಯಾರೋ ಕೂಗಿದರು. ಆ ಮಾತು ಕೇಳಿ ಅವರ ಕಣ್ಣು ತುಂಬಿದ್ದು ನನಗೆ ಮೇಜಿನಿಂದಲೇ ಕಾಣಿಸಿತು.

ಹೇಗೆ ಎದ್ದೆನೋ ಗೊತ್ತಿಲ್ಲ. ನನ್ನ ಕೈಯೂ ಎಂಜಲೇ. ಖಾಲಿ ಎಲೆಗಳ ನಡುವೆ ಹೋಗಿ, ಹುಡುಗರಿಗೆ "ಮುಂದಿನ ಎಲೆ ತೆಗೀರಿ" ಅಂತ, ನಿರ್ಮಲಮ್ಮನವರಿಗೆ "ಸ್ವಲ್ಪ ಮುಂದೆ ಸರೀರಿ, ಪಾದ ನೆಲಕ್ಕೆ ಊರ್‍ರಿ" ಅಂದೆ. ಅವರ ಹಿಂದೆ, ಗೋಡೆಗೂ ಅವರಿಗೂ ನಡುವೆ, ನೆಲದ ಮೇಲೆ ಕೂತೆ. ಬೆನ್ನಿಗೆ ಬೆನ್ನು ಹಚ್ಚಿದೆ. ಅವರ ಮೊಣಕೈಗೆ ನನ್ನ ಮೊಣಕೈ ಸಿಕ್ಕಿಸಿದೆ.

"ಅಮ್ಮಾರೆ, ಕೈ ಬ್ಯಾಡ. ನನ್ನ ಮೇಲೆ ಒರಗ್ರಿ."

"ಬಿದ್ದೀಯೇ."

"ಪೂರ್ತಿ ಒರಗ್ರಿ. ಅರ್ಧ ಒರಗಿದ್ರೆ ಇಬ್ರೂ ಬೀಳ್ತೀವಿ."

ಒರಗಿದರು. ನನ್ನ ಬೆನ್ನಿಗೆ ಇನ್ನೊಂದು ಬೆನ್ನು ತಾಗಿ ಎಷ್ಟು ವರ್ಷವಾಗಿತ್ತೋ. ಬೆಚ್ಚಗಿತ್ತು, ಬೆವರಿತ್ತು, ಉಸಿರಾಡುತ್ತಿತ್ತು. ನನಗೆ ಅಳು ಬಂತು. ಮುಖ ಗೋಡೆಯ ಕಡೆ ಇದ್ದದ್ದು ಒಳ್ಳೆಯದಾಯಿತು. ಲಾಭ ಅಂದೆ. ಇಬ್ಬರೂ ಒತ್ತಿದೆವು. ಅವರ ತೊಡೆ ನಡುಗುತ್ತಿರುವುದು ನನ್ನ ಬೆನ್ನಿಗೆ ತಿಳಿಯುತ್ತಿತ್ತು, ಮೂರು ತಿಂಗಳ ಬಲವೆಲ್ಲ ಅಲ್ಲಿಗೆ ಬಂತು. ಎದ್ದು ನಿಂತೆವು. ನಾಲ್ಕು ಕೈಗಳಲ್ಲಿ ಒಂದೂ ನೆಲಕ್ಕೆ ತಾಗಿರಲಿಲ್ಲ.

ಮನೆಯವರೆಲ್ಲ ಗೊಳ್ಳೆಂದು ನಕ್ಕರು, ಒಳ್ಳೆಯ ನಗುವೇ. ಅಕ್ಕತಂಗಿಯರು ಅವರನ್ನು ನಡುವೆ ಹಾಕಿಕೊಂಡು ಕೈ ತೊಳೆಯಲು ಹಿತ್ತಲಿಗೆ ಕರೆದುಕೊಂಡು ಹೋದರು. ನಾನು ತಿರುಗಿ ಮೇಜಿಗೆ ಬಂದೆ. ಯಾರೋ ನನ್ನ ಎಲೆ ಎತ್ತಿಬಿಟ್ಟಿದ್ದರು, ಹೋಳಿಗೆ ಸಮೇತ.

ಸಂಜೆ ಕಾರಿನಲ್ಲಿ ಅವರು ಕಿಟಕಿಗೆ ತಲೆ ಒರಗಿಸಿ ಕೂತರು. ನಾನು ನಾಳೆಯ ಫೋನಿನ ಬಗ್ಗೆ ಯೋಚಿಸುತ್ತಿದ್ದೆ. ಕೂತಿದ್ದರು, ಉಂಡಿದ್ದರು, ಎದ್ದಿದ್ದರು. ಹೌದು ಅಂದರೆ ಸುಳ್ಳೇನಲ್ಲ. ಊರು ಹತ್ತಿರ ಬಂದಾಗ ಅವರು ಕಿಟಕಿಯ ಕಡೆ ನೋಡುತ್ತಲೇ ಹೇಳಿದರು.

"ಎರಡೂ ಕಡೆ ಕೂತಿದ್ರಲ್ಲ ನಮ್ಮೋರು."

"ಹ್ಞೂಂ."

"ಇವರ ಸೊಸೆ ಬಸುರಿ ಅಂತೆ, ಅವರ ಮಗ ಮನೆ ಕಟ್ಟಿಸ್ತಾನಂತೆ. ಎಲ್ಲಾ ಅವರವರಿಗೆ ಗೊತ್ತಿದ್ದ ಸುದ್ದಿ. ನನ್ನ ತಲೆ ಮೇಲಿಂದಾನೇ ಮಾತಾಡಿದ್ರು. ನಾನು ಹೋಳಿಗೆ ನೋಡ್ಕೊಂಡು ಕೂತಿದ್ದೆ." ಕಿಟಕಿಯ ಗಾಜನ್ನು ಸೆರಗಿನಿಂದ ಒರೆಸುತ್ತಾ, "ಕುರ್ಚಿದೇ ತಪ್ಪು ಅನ್ಕೊಂಡಿದ್ದೆ ಕಣೇ" ಅಂದರು.

ಅವರ ಮಂಡಿಯ ಮೇಲೆ ಕೈ ಇಟ್ಟೆ. ನೋವಿದೆಯಾ ಅಂತ ನೋಡುವವಳ ಹಾಗೆ.

ಸೋಮವಾರ ಬೆಳಿಗ್ಗೆ ಹಿಂದಿನ ಕೋಣೆಯಲ್ಲಿ ಅವರು ಕುರ್ಚಿಯಲ್ಲಿ, ನಾನು ಎದುರಿಗೆ ಸ್ಟೂಲಿನ ಮೇಲೆ. ಫೋನ್ ಬಂತು. ಇಬ್ಬರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದೆ. ಶ್ರೀಲತಾ ಮೇಡಂ ನಮಸ್ಕಾರ ಹೇಳಿ, ಫಾರ್ಮ್ ನೋಡಿ ಓದಿದರು. "ಪಂಕ್ತಿಯಲ್ಲಿ ಕೂತು, ಉಂಡು, ಏಳುವುದು. ಆಯ್ತಾ ಅಮ್ಮಾ?"

"ಕೂತೆ" ಅಂದರು ನಿರ್ಮಲಮ್ಮ. "ಉಂಡೆ."

"ಎದ್ರಾ?"

ನಾನು ಎರಡೂ ಕೈಯಲ್ಲಿ ಸನ್ನೆ ಮಾಡಿದೆ, ಹೌದು ಅನ್ನಿ, ಹೌದು ಅನ್ನಿ. ಅವರು ನನ್ನನ್ನೇ ನೋಡುತ್ತಿದ್ದರು.

"ನಾ ಏಳ್ಲಿಲ್ಲ ಮೇಡಂ" ಅಂದರು. "ಇಬ್ರೂ ಎದ್ವಿ."

ಮೇಡಂಗೆ ಅರ್ಥವಾಗಲಿಲ್ಲ. ಇವರು ಎಲ್ಲವನ್ನೂ ಹೇಳಿದರು, ಎಂಜಲಗೈ, 'ಕುರ್ಚಿ ತರ್‍ರಿ' ಅಂದಿದ್ದು, ಬೆನ್ನಿಗೆ ಬೆನ್ನು ಹಚ್ಚಿದ್ದು, ಏನೂ ಬಿಡದೆ. ಆ ಕಡೆ ಮೇಡಂ ನಗುತ್ತಿದ್ದದ್ದು ಕೇಳಿಸಿತು. ನಗು ಮುಗಿದ ಮೇಲೆ, "ನೀವೊಬ್ಬರೇ ಏಳಬೇಕಿತ್ತಲ್ಲಮ್ಮಾ. ಹಾಗಾದರೆ ಇನ್ನೂ ಆಗಿಲ್ಲ ಅಂತಲೇ ಬರೆಯಬೇಕಾಗುತ್ತೆ" ಅಂದರು. ನನಗೆ ಮೂರು ತಿಂಗಳ ವಾಯಿದೆ ಕೊಟ್ಟು ಫೋನ್ ಇಟ್ಟರು.

ನನಗೆ ಸಿಟ್ಟು ನೆತ್ತಿಗೇರಿತು. ಮೂರು ತಿಂಗಳು ಕೌಂಟರ್, ಬ್ಯಾಚಿಗೆ ಶಿವಮೊಗ್ಗದವಳು. "ಒಂದು ಹೂಂ ಅನ್ನೋಕೆ ನಿಮ್ಮ ಗಂಟೇನು ಹೋಗ್ತಿತ್ತು?" ಅಂತ ಕೂಗಿದೆ. ಆ ಮನೆಯಲ್ಲಿ ಯಾರೂ ಅವರಿಗೆ ಹಾಗೆ ಕೂಗಿದವರಿಲ್ಲ.

"ನಮ್ಮವ್ವನ ಊಟದ ವಿಷಯದಲ್ಲಿ ಸುಳ್ಳು ಹೇಳ್ಲೇನೇ?" ಅಂದರು. ಆಮೇಲೆ ದನಿ ತಗ್ಗಿಸಿ, "ಕೈ ಊರದೇ ಏಳೋದು ಕಲಿಸು. ಎಷ್ಟು ದಿನ ಬೇಕಾಗುತ್ತೆ ಅದಕ್ಕೆ?"

"ನಿಮ್ಮ ಮಂಡೀಲಿ? ಮೂರು ತಿಂಗಳು ಎಲ್ಲಿ ಸಾಲುತ್ತೆ!" ಇನ್ನೂ ಕೂಗುತ್ತಲೇ ಇದ್ದೆ.

"ಸಾಲದಿದ್ರೆ ಒಳ್ಳೇದೇ ಆಯ್ತು" ಅಂದರು.

ಅವರು ಕುರ್ಚಿಯಿಂದ ನಿಧಾನ ಇಳಿದು ಚಾಪೆಯ ಮೇಲೆ ಕೂತರು. ಪಾದ ಊರಿದರು. ನನಗೆ ಬೆನ್ನು ತಿರುಗಿಸಿ, ಎರಡೂ ಮೊಣಕೈ ಹಿಂದಕ್ಕೆ ಚಾಚಿ ಕಾದರು. ನಾನು ಸ್ಟೂಲಿನ ಮೇಲೆ ಹಾಗೇ ಕೂತಿದ್ದೆ, ಕಣ್ಣು ಒರೆಸಿಕೊಳ್ಳಬೇಕಿತ್ತು.

"ಬಾರೇ, ಕೈ ಸೋಲುತ್ತೆ" ಅಂದರು. ನಾನು ಹೋಗಿ ಕೂತ ಮೇಲೆ, ನನಗಿಂತ ಮೊದಲು ಅವರೇ ಎಣಿಸಿದರು. "ಲಾಭ."